ಸ್ಕ್ಯಾನ್ ಪುಸ್ತಕ ಓದಲು ಕೊನೆಗೂ ಸಿಕ್ಕ ಪರದೆ: ನನ್ನ ಅನುಭವ

ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಓದಲು ಯಾವ ರೀಡರ್ (ಇ-ಪುಸ್ತಕ ಓದುವ ಸಾಧನ) ತಗೊಳ್ಳಬೇಕು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಮೊದಲು ಪುಸ್ತಕವನ್ನು ಸ್ಕೇಲಿನಲ್ಲಿ ಅಳೆಯಿರಿ, ಪಿಪಿಐ (ಪರದೆಯ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಆಮೇಲೆ ನೋಡಿ. ಮೈಸೂರಿನ ನನ್ನ ಗೆಳೆಯರು ಇದನ್ನು ಒಪ್ಪಲೇ ಇಲ್ಲ. "300 ಪಿಪಿಐ ಬಿಟ್ಟು 227ಕ್ಕೆ ಇಳಿದರೆ ಒತ್ತಕ್ಷರ ಕಲಸಿಹೋಗುತ್ತೆ ಕಣಯ್ಯಾ" ಅಂದರು. ಕಲಸಿಹೋಗಲಿಲ್ಲ. ಈಗ ಅವರಲ್ಲೇ ಇಬ್ಬರು 227 ಪಿಪಿಐನ 10.3 ಇಂಚಿನ ರೀಡರ್ ತರಿಸಿಕೊಂಡಿದ್ದಾರೆ.

ನಮ್ಮ ಪುಸ್ತಕಗಳು ಜಾಸ್ತಿ ಡೆಮಿ 1/8. ಎತ್ತರ ಸುಮಾರು 8.5 ಇಂಚು, ಅಗಲ 5.5. ಆರು ಇಂಚಿನ ರೀಡರಿನ ಪರದೆ 4.8ಕ್ಕೆ 3.6 ಅಷ್ಟೇ. ಇಡೀ ಪುಟ ಕೂರಿಸಿದರೆ ಅಕ್ಷರ ಅರ್ಧಕ್ಕಿಂತ ಚೂರು ದೊಡ್ಡದಾಗಿ ಉಳಿಯುತ್ತದೆ. ಆಗ ಪಿಪಿಐ ಎಷ್ಟಿದ್ದರೇನು?

ಆದರೂ ಶುರು ಮಾಡಿದ್ದು ಅದರಲ್ಲೇ. ಸೆಕೆಂಡ್ ಹ್ಯಾಂಡ್, 5 ಸಾವಿರದ ಆಸುಪಾಸು. ಅಕ್ಷರ ರೂಪದ ಇ-ಪುಸ್ತಕ, ಅಂದರೆ ಯುನಿಕೋಡ್ ಇಪಬ್‌ಗೆ ಅದು ಇವತ್ತಿಗೂ ಚಿನ್ನ. ಕೊರೀಡರ್ ಅನ್ನುವ ಓದುವ ತಂತ್ರಾಂಶ ಹಾಕಿ, ನೋಟೊ ಸೆರಿಫ್ ಕನ್ನಡ ಫಾಂಟ್ ಕೊಟ್ಟರೆ ಒತ್ತು, ದೀರ್ಘ ಎಲ್ಲಾ ಜಾಗದಲ್ಲೇ ಕೂರುತ್ತವೆ. ಆದರೆ ನಾನು ಓದುವುದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳನ್ನು. ಎಲ್ಲಾ ಬರೀ ಚಿತ್ರ. ಕೆ2ಪಿಡಿಎಫ್‌ಆಪ್ಟ್‌ನಲ್ಲಿ (ಸ್ಕ್ಯಾನ್ ಪುಟದ ಸಾಲುಗಳನ್ನು ಸಣ್ಣ ಪರದೆಗೆ ಹೊಂದಿಸುವ ತಂತ್ರಾಂಶ) ಸಾಲು ಒಡೆಸಿ ನೋಡಿದೆ. ಇಂಗ್ಲಿಷ್ ಪುಟ ಚೆನ್ನಾಗಿ ಬಂತು. ಕನ್ನಡದಲ್ಲಿ ಕೆಳಗಿಳಿದ ಒತ್ತನ್ನೇ ಬೇರೆ ಸಾಲು ಅಂತ ಕತ್ತರಿಸಿತು. ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಓಸಿಆರ್ ಕೂಡ ಮಾಡಿದೆ. ಹಳೇ ಮೊಳೆ ಅಚ್ಚಿನ ಪುಟದಲ್ಲಿ ತಿದ್ದುವ ಕೆಲಸವೇ ಓದಿಗಿಂತ ಜಾಸ್ತಿ ಆಯಿತು.

ಆಮೇಲೆ ಹತ್ತು ಇಂಚಿನ ಟ್ಯಾಬ್, 17 ಸಾವಿರ ಇರಬೇಕು. ಕುಕ್ಕರಹಳ್ಳಿ ಕೆರೆ ದಂಡೆಯ ಬಿಸಿಲಿನಲ್ಲಿ ಅದರಲ್ಲಿ ಕಂಡಿದ್ದು ನನ್ನ ಮುಖವೇ. ರಾತ್ರಿ ಒಂದು ಗಂಟೆ ಓದಿದರೆ ಕಣ್ಣು ಉರಿ. 9 ಸಾವಿರಕ್ಕೆ ಕೊಟ್ಟೆ.

7.8 ಇಂಚಿನ ಇ-ಇಂಕ್ (ಕಾಗದದ ಹಾಗೆ ಕಾಣುವ ಪರದೆ) ರೀಡರ್ ಬಹಳ ಹತ್ತಿರ ಬಂತು. ಅಡ್ಡ ಹಿಡಿದರೆ ಅಗಲ 6.2 ಇಂಚು, ಅಕ್ಷರ ಅಚ್ಚಿಗಿಂತ ದೊಡ್ಡದು. ಕಾದಂಬರಿಗೆ ಸಾಕು. ಆದರೆ ಒಮ್ಮೆಗೆ ಅರ್ಧ ಪುಟವೇ ಕಾಣುವುದರಿಂದ ಅಡಿಟಿಪ್ಪಣಿ ಇರುವ ಪುಸ್ತಕಕ್ಕೆ ಆಗಲ್ಲ. ಪ್ರತಿ ಟಿಪ್ಪಣಿಗೂ ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು, ಓದಿನ ಎಳೆಯೇ ತಪ್ಪುತ್ತದೆ. ನಡುವೆ ಗೆಳೆಯರೊಬ್ಬರ ಬಣ್ಣದ ಇ-ಇಂಕ್ ಕೂಡ ಎರವಲು ತಂದೆ. ಬಣ್ಣದ ಫಿಲ್ಟರ್ ಪದರದಿಂದ ಪರದೆಯೇ ಮಂಕು. ಹಳದಿಯಾದ ಪುಟ ಅದರಲ್ಲಿ ಇನ್ನೂ ಕೊಳಕಾಗಿ ಕಂಡಿತು.

ಕೊನೆಗೆ 10.3 ಇಂಚು. ಸುಂಕ ಸೇರಿ 40 ಸಾವಿರದ ಹತ್ತಿರ. ದುಡ್ಡು ಜಾಸ್ತಿಯೇ, ಮನೆಯಲ್ಲಿ ಮಾತೂ ಕೇಳಿದೆ. ಆದರೆ ಪರದೆ 8.2ಕ್ಕೆ 6.2. ಅಂಚು ಕತ್ತರಿಸಿದ ಡೆಮಿ ಪುಟ ಅಚ್ಚಾದ ಅಳತೆಯಲ್ಲೇ, ಇನ್ನೂ ಸ್ವಲ್ಪ ದೊಡ್ಡದಾಗಿಯೇ ಕೂರುತ್ತದೆ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 1894ರ ಮೈಸೂರು ಜಿಲ್ಲೆಯ ಸಂಪುಟ ತೆಗೆದು ಪರೀಕ್ಷೆ ಮಾಡಿದೆ.  ಡೆಮಿಗಿಂತ ದೊಡ್ಡ ಪುಟ. ಆದರೂ ಶಾಸನಗಳನ್ನು ರೋಮನ್ ಲಿಪಿಯಲ್ಲಿ ಬರೆದ ಕಡೆ ಅಕ್ಷರಗಳ ಕೆಳಗಿನ ಚುಕ್ಕಿಗಳು ಕನ್ನಡಕ ತೆಗೆದರೂ ಕಂಡವು. ನನ್ನದಕ್ಕೆ ಒಳಬೆಳಕಿಲ್ಲ. ಮೇಜಿನ ದೀಪ ಸಾಕು.

ಅನುಮಾನ ಇದ್ದವರು 8.2ಕ್ಕೆ 6.2 ಇಂಚಿನ ಅಳತೆಗೆ ಒಂದು ರಟ್ಟು ಕತ್ತರಿಸಿ ನಿಮ್ಮ ಪುಸ್ತಕದ ಮೇಲೆ ಇಟ್ಟು ನೋಡಿ. ಖರ್ಚಿಲ್ಲ.

ಪರದೆಯಷ್ಟೇ ಮುಖ್ಯ ಫೈಲ್ ತಯಾರಿ. ಸ್ಕ್ಯಾನ್‌ಟೇಲರ್‌ನಲ್ಲಿ (ಸ್ಕ್ಯಾನ್ ಪುಟ ಶುಚಿ ಮಾಡುವ ತಂತ್ರಾಂಶ) ಅಂಚು ತೆಗೆದು ಕಪ್ಪು ಬಿಳುಪು ಮಾಡಿದರೆ 80 ಎಂಬಿ ಫೈಲ್ 15ರ ಹತ್ತಿರ ಇಳಿಯುತ್ತದೆ, ಪುಟ ಸರಸರ ತಿರುಗುತ್ತದೆ. ಹಿಂದಿನ ಪುಟದ ಮಸಿ ಇಣುಕುವುದನ್ನು ಒತ್ತಕ್ಷರ ತೆಳುವಾಗದ ಹಾಗೆ ಅಳಿಸಲು ನಾನೊಂದು ಕ್ರಮ ಮಾಡಿಕೊಂಡಿದ್ದೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಫೈಲ್ ಕಳಿಸಿದರೆ ಮಾಡಿಕೊಡುತ್ತೇನೆ.