ಕರೆಂಟು ಹೋದಾಗ ಓದಬೇಕಾದ ಪುಟ

ಎರಡು ವರ್ಷದ ಹಿಂದೆ, ಆಷಾಢದ ಮಳೆ ಹಿಡಿದಿದ್ದ ಹೊತ್ತಿನಲ್ಲಿ, ಹೊಸನಗರದ ಕಡೆಯ ಒಂಟಿಮನೆಯೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಲ್ಯಾಂಡ್‌ಲೈನಿನಿಂದ ನನ್ನ ರಿಪೇರಿ ಅಂಗಡಿಗೆ ಕರೆ ಮಾಡಿದರು. "ಇನ್ವರ್ಟರಿನ ಬ್ಯಾಟರಿ ಮತ್ತೆ ಹೋಯಿತು. ಬರುವಾಗ ಹೊಸದನ್ನೇ ತಂದುಬಿಡಿ" ಎಂದರು. ಆ ಬ್ಯಾಟರಿ ಹಾಕಿಸಿ ಹದಿನಾಲ್ಕು ತಿಂಗಳಾಗಿತ್ತು. ಅದಕ್ಕೂ ಹಿಂದಿನದು ಎರಡು ವರ್ಷ ಬಾಳಿರಲಿಲ್ಲ. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಬರುವ ಟ್ಯೂಬ್ಯುಲರ್ ಬ್ಯಾಟರಿ ಹೀಗೇಕೆ ಸಾಯುತ್ತಿದೆ ಎಂಬ ಅನುಮಾನ ನನ್ನನ್ನು ಕೊರೆಯಿತು. ಹೊಸ ಬ್ಯಾಟರಿ ಒಯ್ಯಲಿಲ್ಲ. ಮಲ್ಟಿಮೀಟರ್ ಮಾತ್ರ ಚೀಲಕ್ಕೆ ಹಾಕಿಕೊಂಡು ಮರುದಿನ ಸಂಜೆ ಹೋದೆ.

ಬಚ್ಚಲುಮನೆಯ ಬಲ್ಬು ಇನ್ವರ್ಟರಿಗೆ ಸೇರದೆ ನೇರ ಲೈನಿನಲ್ಲಿತ್ತು. ಅದು ಮಂಕಾಗಿ ಉರಿಯುತ್ತಿತ್ತು. ಅಂದರೆ ಕರೆಂಟು ಇದೆ. ನಡುಮನೆಯ ಇನ್ವರ್ಟರ್ ಮಾತ್ರ ಕರೆಂಟೇ ಇಲ್ಲವೆಂಬಂತೆ, ಬ್ಯಾಟರಿ ಮುಗಿಯಿತೆಂದು ಕೂಗುತ್ತಿತ್ತು. ಪ್ಲಗ್ಗಿಗೆ ಮೀಟರ್ ಹಚ್ಚಿದರೆ 168 ವೋಲ್ಟ್, ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಲೈನಿನ ಕಟ್ಟಕಡೆಯ ಮನೆ, ಸಂಜೆ ಹೊತ್ತು. ನಮ್ಮ ಕಡೆ ಇದು ಹೊಸದೇನಲ್ಲ. ಇಂಥ ಇನ್ವರ್ಟರುಗಳಲ್ಲಿ ವೋಲ್ಟೇಜಿನ ಮಿತಿ ಬದಲಾಯಿಸುವ ಒಂದು ಸಣ್ಣ ಸ್ವಿಚ್ಚು ಇರುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಈ ಮಾದರಿಯನ್ನು ನಾನು ಬಿಚ್ಚಿ ನೋಡಿದವನಲ್ಲ. ಹಿಂದೆ ಮೂರು ಸ್ವಿಚ್ಚುಗಳಿದ್ದವು. ಪಕ್ಕದ ಅಕ್ಷರಗಳು ಅಳಿಸಿದ್ದವು. ಅಂದಾಜಿನ ಮೇಲೆ ಒತ್ತುವ ಕೆಲಸ ನಾನು ಮಾಡುವುದಿಲ್ಲ.

"ಇದರ ಪುಸ್ತಕ ಇದೆಯೇ ಮೇಷ್ಟ್ರೇ?" ಎಂದೆ. ಅವರು ಅಟ್ಟ ಹತ್ತಿ ಪೆಟ್ಟಿಗೆಯನ್ನೇ ಇಳಿಸಿದರು. ಬಿಲ್ಲು, ವಾರಂಟಿ ಕಾರ್ಡು, ಥರ್ಮೋಕೋಲು ಎಲ್ಲವೂ ಇದ್ದವು. ಪುಸ್ತಕದ ಜಾಗದಲ್ಲಿ ಅಂಗೈಯಗಲದ ಒಂದು ಚೀಟಿ, ಅದರ ಮೇಲೊಂದು ಕ್ಯೂಆರ್ ಕೋಡ್. ಮನೆಯೊಳಗೆ ನೆಟ್‌ವರ್ಕ್ ಇಲ್ಲ. "ಮೇಲಿನ ಗೇರುಮರದ ಹತ್ತಿರ ನಿಂತರೆ ಒಂದು ಕಡ್ಡಿ ಸಿಗುತ್ತದೆ" ಎಂದರು ಅವರ ಮನೆಯವರು. ಕೊಡೆ ಹಿಡಿದು ಗುಡ್ಡ ಹತ್ತಿದೆ. ಪಿಡಿಎಫ್ ಇಳಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಕಾಲಿಗೆ ರಕ್ತ ಹೀರುವ ಮೂರು ಉಂಬಳ ಹತ್ತಿದ್ದವು. ಬೇಕಾದ ಮಾತು ಒಂಬತ್ತನೆಯ ಪುಟದಲ್ಲಿ, ಇಂಗ್ಲಿಷಿನಲ್ಲಿ, ನಾಲ್ಕು ಸಾಲಿನಲ್ಲಿತ್ತು.

ಆ ನಾಲ್ಕು ಸಾಲಿನ ಹುರುಳು ಇಷ್ಟೇ. ಮನೆಯ ಇನ್ವರ್ಟರುಗಳಿಗೆ ಸಾಮಾನ್ಯವಾಗಿ ಎರಡು ನಡಿಗೆ, ಅಂದರೆ ಮೋಡ್. ಯುಪಿಎಸ್ ನಡಿಗೆಯಲ್ಲಿ ಅದು ಸುಮಾರು 180ರಿಂದ 260 ವೋಲ್ಟಿನವರೆಗೆ ಮಾತ್ರ ಹೊರಗಿನ ಕರೆಂಟನ್ನು ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಇಳಿದರೆ ಕರೆಂಟು ಹೋಯಿತೆಂದೇ ತಿಳಿದು ಬ್ಯಾಟರಿಗೆ ಹೊರಳುತ್ತದೆ. ಇನ್ನೊಂದು ನಡಿಗೆಯಲ್ಲಿ 100ರಿಂದ 290ರವರೆಗೂ ಸಹಿಸಿಕೊಳ್ಳುತ್ತದೆ. ಮೊದಲನೆಯದು ಕಂಪ್ಯೂಟರ್ ಇರುವವರಿಗೆ. ಬ್ಯಾಟರಿಗೆ ಹೊರಳುವಾಗ ಕಂಪ್ಯೂಟರ್ ಆರಿ ಹೊತ್ತಬಾರದೆಂದು ಆ ಬಿಗಿ. ಮೇಷ್ಟ್ರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮೂರು ವರ್ಷ ಪ್ರತಿ ಸಂಜೆ ಕರೆಂಟು ಇದ್ದಾಗಲೂ ಇನ್ವರ್ಟರ್ ಬ್ಯಾಟರಿಯನ್ನೇ ಹೀರಿತ್ತು. ಪೂರ್ತಿ ಚಾರ್ಜ್ ಆಗದೆ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟುತ್ತದೆ. ಮೊದಲನೆಯ ಬ್ಯಾಟರಿ ಗುಜರಿಗೆ ಹೋದದ್ದು ಹಾಗೆಯೇ ಇರಬೇಕು. ಸ್ಕ್ರೂಡ್ರೈವರಿನ ತುದಿಯಿಂದ ಎಡಗಡೆಯ ಸ್ವಿಚ್ಚನ್ನು ಕೆಳಕ್ಕೆ ಸರಿಸಿದೆ. ಕೂಗು ನಿಂತಿತು, ಹಸಿರು ದೀಪ ಬಂತು, ಚಾರ್ಜ್ ಆಗತೊಡಗಿತು. ಎರಡನೆಯ ಬ್ಯಾಟರಿ ಇಂದಿಗೂ ನಡೆಯುತ್ತಿದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು ಆರಲಿಲ್ಲ. ಕರೆಂಟು ಇಲ್ಲದಾಗ ಕೆಲಸ ಮಾಡುವುದಕ್ಕೆಂದೇ ಹುಟ್ಟಿದ ಯಂತ್ರದ ಸೂಚನೆಗಳನ್ನು, ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಇದ್ದರೆ ಮಾತ್ರ ಓದಬಹುದಾದ ಕಡೆ ಇಟ್ಟಿದ್ದರು. ಮಲೆನಾಡಿನಲ್ಲಿ ಕರೆಂಟು ದೀರ್ಘ ಹೊತ್ತು ಹೋದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದು ಅದೂ ಮಲಗುತ್ತದೆ. ಅಂದು ರಾತ್ರಿಯೇ ನಾನು, ಯಂತ್ರದ ಪಕ್ಕದಲ್ಲೇ ತೂಗುಹಾಕಲು, ಒಂದೇ ಪುಟದ ಕನ್ನಡ ಸೂಚನೆಗಳ ಮೊದಲ ಕಾರ್ಡು ಬರೆಯಲು ಕುಳಿತೆ.

ನಾನು ಸಾಗರದಲ್ಲಿ ರಿಪೇರಿ ಅಂಗಡಿ ಇಟ್ಟು 26 ವರ್ಷವಾಯಿತು. ಕೆಲಸ ಕಲಿತದ್ದು ಅರ್ಧ ನನ್ನ ಗುರುಗಳ ಕೈ ನೋಡಿ, ಇನ್ನರ್ಧ ಅವರ ಟ್ರಂಕಿನಲ್ಲಿದ್ದ ಪುಸ್ತಿಕೆಗಳನ್ನು ನೋಡಿ. ಹಳೆಯ ಕಪ್ಪು ಬಿಳುಪು ಟಿವಿಗಳಲ್ಲಿ ಕೆಲವಕ್ಕೆ ಪುಸ್ತಿಕೆಯ ಕೊನೆಯಲ್ಲಿ ಮಡಚಿಟ್ಟ ಸರ್ಕ್ಯೂಟ್ ನಕ್ಷೆಯೇ ಇರುತ್ತಿತ್ತು. ವಾಲ್ವ್ ರೇಡಿಯೋಗಳ ಒಳಮೈಗೆ ಯಾವ ವಾಲ್ವ್ ಎಲ್ಲಿ ಎಂಬ ಚಿತ್ರ ಅಂಟಿಸಿರುತ್ತಿದ್ದರು. ಯಂತ್ರ ಕೆಟ್ಟೇ ಕೆಡುತ್ತದೆ, ಯಾರೋ ಒಬ್ಬ ಅದನ್ನು ಬಿಚ್ಚುತ್ತಾನೆ ಎಂದು ಮಾಡಿದವನಿಗೆ ಗೊತ್ತಿತ್ತು. ಆ ಗೌರವ ನನಗೆ ಇಂದಿಗೂ ಮರೆಯಲಾಗದ್ದು.

ಆದರೆ ಕಾಗದವೇ ಮೇಲು ಎಂದು ನಾನು ಹೇಳಲಾರೆ. ಗುರುಗಳ ಟ್ರಂಕು ನನ್ನ ಪಾಲಿಗೆ ಬಂದ ಮೇಲೆ ಒಂದು ಮಳೆಗಾಲ ಅದನ್ನು ತೆರೆಯದೆ ಬಿಟ್ಟಿದ್ದೆ. ದೀಪಾವಳಿಗೆ ತೆಗೆದು ನೋಡಿದರೆ ತಳದ ಪದರವೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು, ಒಂದು ಮೂಲೆಯಲ್ಲಿ ಗೆದ್ದಲು ಮಣ್ಣಿನ ಗೂಡು ಕಟ್ಟಿತ್ತು. ಉಳಿದವನ್ನು ಬಿಸಿಲಿಗೆ ಹರವಿ, ಎರಡು ಬೇಸಿಗೆ ಕೂತು, ಪುಟಪುಟವಾಗಿ ಫೋಟೋ ತೆಗೆದು ಪಿಡಿಎಫ್ ಮಾಡಿದೆ. ಈಗ ಅವು ಎರಡು ಹಾರ್ಡ್‌ಡಿಸ್ಕುಗಳಲ್ಲಿವೆ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ.

ಬಟ್ಟೆ ಒಗೆಯುವ ಯಂತ್ರದ ವಿಷಯದಲ್ಲಿ ಪಿಡಿಎಫ್‌ಗೆ ಸಾಟಿಯಿಲ್ಲ. ಒಂದು ಮಾದರಿಯಲ್ಲಿ ಪರದೆಯ ಮೇಲೆ ಐಇ ಎಂದು ಬಂದರೆ ನೀರು ಒಳಗೆ ಬರುತ್ತಿಲ್ಲ, ಓಇ ಎಂದರೆ ನೀರು ಹೊರಗೆ ಹೋಗುತ್ತಿಲ್ಲ, ಯುಇ ಎಂದರೆ ಬಟ್ಟೆ ಒಂದೇ ಕಡೆ ಮುದ್ದೆಯಾಗಿದೆ. ಇನ್ನೊಂದು ಕಂಪನಿಯದರಲ್ಲಿ ಇದೇ ದೋಷಗಳಿಗೆ ಬೇರೆಯೇ ಅಕ್ಷರಗಳು. ಇವನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಆಗದ ಮಾತು. ಮಾದರಿಯ ಸಂಖ್ಯೆ ಹೇಳಿದರೆ ನಾನು ಅಂಗಡಿಯಲ್ಲಿ ಕುಳಿತೇ ಎರಡು ನಿಮಿಷದಲ್ಲಿ ಪುಟ ಹುಡುಕಿ ಹೇಳುತ್ತೇನೆ. ಮಳೆಗಾಲದಲ್ಲಿ ಐಇ ಎಂದು ಬಂದ ಹತ್ತು ಮನೆಗಳಲ್ಲಿ ಎಂಟಕ್ಕೆ ನಾನು ಹೋಗುವ ಅಗತ್ಯವೇ ಬೀಳುವುದಿಲ್ಲ. ನಲ್ಲಿ ನಿಲ್ಲಿಸಿ, ಯಂತ್ರದ ಹಿಂದೆ ಕೊಳವೆ ಕೂರುವ ಕಡೆ ಇರುವ ಬೆರಳಗಲದ ಜಾಲರಿಯನ್ನು ಕಿತ್ತು, ಅದರಲ್ಲಿ ತುಂಬಿದ ಕೆಮ್ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು.

ಪಿಡಿಎಫ್ ಇದೆ ಎಂದು ನಂಬಿ ಕೂರುವುದೂ ತಪ್ಪು. ಆರು ವರ್ಷದ ಹಿಂದಿನ ಕ್ಯೂಆರ್ ಕೋಡನ್ನು ಇಂದು ಓದಿಸಿದರೆ ಎಷ್ಟೋ ಸಲ ಕಂಪನಿಯ ಮುಖಪುಟ ತೆರೆಯುತ್ತದೆ. ಅಲ್ಲಿ ಹೊಸ ಫ್ರಿಜ್ಜುಗಳ ಜಾಹೀರಾತು, ಹಳೆಯದರ ಹೆಸರೂ ಇಲ್ಲ. ಫ್ರಿಜ್ಜು ಹತ್ತು ಹದಿನೈದು ವರ್ಷ ಬಾಳುತ್ತದೆ, ಕೋಡಿನೊಳಗಿನ ಕೊಂಡಿ (ಲಿಂಕ್) ಅಷ್ಟು ಬಾಳುವುದಿಲ್ಲ. ಆದ್ದರಿಂದ ವಸ್ತು ಮನೆಗೆ ಬಂದ ದಿನವೇ ಪಿಡಿಎಫ್ ಇಳಿಸಿಕೊಳ್ಳಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಯಂತ್ರವನ್ನು ಗೋಡೆಗೆ ಒತ್ತಿ ನಿಲ್ಲಿಸುವ ಮೊದಲು ಅದರ ಹಿಂದಿನ ಪಟ್ಟಿಯ ಫೋಟೋ ತೆಗೆಯಿರಿ. ಮಾದರಿಯ ಸಂಖ್ಯೆ ಅಲ್ಲಿರುತ್ತದೆ, ಆಮೇಲೆ ಅದನ್ನು ಓದಲು ಇಬ್ಬರು ಸೇರಿ ಫ್ರಿಜ್ಜು ಎಳೆಯಬೇಕಾಗುತ್ತದೆ. ಬಿಲ್ಲಿನ ಫೋಟೋವನ್ನೂ ಅಂದೇ ತೆಗೆಯಬೇಕು. ಈಗಿನ ಬಿಲ್ಲುಗಳು ಶಾಖಕ್ಕೆ ಕಪ್ಪಾಗುವ ಕಾಗದದವು, ವಾರಂಟಿ ಮುಗಿಯುವ ಮೊದಲೇ ಬಿಳಿಯ ಹಾಳೆಯಾಗಿಬಿಡುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಲೆಕ್ಕ ಹೀಗೆ ಕೂತಿತು. ಗಾಬರಿಯಲ್ಲಿ, ಕತ್ತಲೆಯಲ್ಲಿ, ಒದ್ದೆ ಕೈಯಲ್ಲಿ ಬೇಕಾಗುವ ಮಾತುಗಳು ಕಾಗದದ ಮೇಲೆ, ಯಂತ್ರದ ಪಕ್ಕದಲ್ಲೇ ಇರಬೇಕು. ಕೂತು ಹುಡುಕುವ ಮಾತುಗಳು ಫೋನಿನಲ್ಲಿದ್ದರೆ ಸಾಕು. ಅರವತ್ತು ಪುಟದ ಪುಸ್ತಕದಲ್ಲಿ ಮೊದಲ ಜಾತಿಯವು ಒಂದು ಪುಟಕ್ಕಿಂತ ಹೆಚ್ಚು ಇರುವುದಿಲ್ಲ. ಆ ಒಂದು ಪುಟವೇ ನನ್ನ ಕಾರ್ಡು.

ಮೊದಲ ಕಾರ್ಡು ಕೆಲಸಕ್ಕೆ ಬರಲಿಲ್ಲ. "ಓವರ್‌ಲೋಡ್ ಆದಲ್ಲಿ ಲೋಡ್ ಕಡಿಮೆ ಮಾಡಿ ರೀಸೆಟ್ ಮಾಡತಕ್ಕದ್ದು" ಎಂದು ಬರೆದಿದ್ದೆ. ಅದನ್ನು ಮೇಷ್ಟ್ರ ಮನೆಯವರ ಕೈಗೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ನಿಂತೆ. ಅವರು ಕನ್ನಡಕ ಏರಿಸಿ ಓದಿದರು, ಇನ್ವರ್ಟರಿನ ಮುಂದಿನ ದೊಡ್ಡ ಗುಂಡಿಯ ಮೇಲೆ ಬೆರಳಿಟ್ಟರು, ನನ್ನ ಮುಖ ನೋಡಿದರು. "ಲೋಡ್ ಎಂದರೆ ಯಾವುದು ತಮ್ಮಾ? ಇದನ್ನು ಒತ್ತಿದರೆ ಪೂರ್ತಿ ಆರಿಹೋಗುತ್ತದಲ್ಲ?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ಮಾದರಿಯಲ್ಲಿ ಬೇಕಾದದ್ದು ಹಿಂದಿನ ಕಪ್ಪು ಗುಂಡಿ. ಅಲ್ಲೇ ಕುಳಿತು ತಿದ್ದಿದೆ:

"ಇನ್ವರ್ಟರ್ ಬಿಡದೆ ಕೂಗಿದರೆ: ಮೊದಲು ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ. ಹತ್ತು ಎಣಿಸಿ. ಆಮೇಲೆ ಇನ್ವರ್ಟರಿನ ಹಿಂದೆ, ನೆಲಕ್ಕೆ ಹತ್ತಿರ, ಹೊರಗೆ ಚಾಚಿದ ಕಪ್ಪು ಗುಂಡಿಯನ್ನು ಒಳಕ್ಕೆ ಒತ್ತಿ. ಸುಟ್ಟ ವಾಸನೆ ಬಂದರೆ ಏನನ್ನೂ ಮುಟ್ಟಬೇಡಿ, ಮೇನ್ ಸ್ವಿಚ್ ಆರಿಸಿ ಕರೆ ಮಾಡಿ."

ಈ ಸಲ ಅವರು ಒಮ್ಮೆ ಓದಿ ನೇರವಾಗಿ ಹಿಂದಕ್ಕೆ ಕೈ ಹಾಕಿದರು. ಅಂದಿನಿಂದ ಯಾವ ಕಾರ್ಡನ್ನೂ, ಆ ಮನೆಯಲ್ಲಿ ಯಂತ್ರವನ್ನು ನಿಜವಾಗಿ ಬಳಸುವವರ ಕೈಗೆ ಕೊಟ್ಟು ನೋಡದೆ ಮುದ್ರಿಸಿಲ್ಲ. ಬಳಸುವವರು ಹೆಚ್ಚಾಗಿ ಹೆಂಗಸರು. ಪುಸ್ತಕ ತೆಗೆದಿಡುವವರು ಗಂಡಸರು. ಪುಸ್ತಕ ಅಟ್ಟದಲ್ಲಿ, ಯಂತ್ರ ಅಡುಗೆಮನೆಯಲ್ಲಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಕಂಪನಿಗಳ ಪುಸ್ತಿಕೆಗಳಲ್ಲಿ ಅಪರೂಪಕ್ಕೆ ಕನ್ನಡ ಸಿಕ್ಕಾಗ ನಾನು ಆಸೆಯಿಂದ ಓದುತ್ತೇನೆ. "ಘಟಕವನ್ನು ವಿದ್ಯುತ್ ಸರಬರಾಜಿನಿಂದ ಸಂಪರ್ಕ ಕಡಿತಗೊಳಿಸಿ" ಎಂಬಂಥ ವಾಕ್ಯ ಎದುರಾದರೆ ಮನಸ್ಸು ಕುಗ್ಗುತ್ತದೆ. "ಪ್ಲಗ್ ಕಿತ್ತಿಡಿ" ಎಂಬ ಎರಡು ಮಾತು ಒಂದು ಜೀವ ಉಳಿಸಬಹುದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ನಮ್ಮ ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ನಮ್ಮ ಅಡುಗೆಮನೆಯ ಗ್ರೈಂಡರು ಬರುವುದು ಕೊಯಮತ್ತೂರಿನಿಂದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮು, ಅಪಾಯ ತಪ್ಪಿಸಲು ಸಾಕಾಗುವಷ್ಟು ಬಳಕೆಯ ಸೂಚನೆ ಕೊಡದಿದ್ದರೂ ತಯಾರಕ ಹೊಣೆಗಾರ ಎನ್ನುತ್ತದೆ. ಗ್ರಾಹಕನಿಗೆ ತಿಳಿಯದ ಭಾಷೆಯಲ್ಲಿ, ತೆರೆಯದ ಕೊಂಡಿಯಲ್ಲಿ ಇರುವ ಸೂಚನೆ ಸಾಕಾಗುವಷ್ಟು ಆಗುವುದಾದರೂ ಹೇಗೆ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿನ ಜಾಲತಾಣ ಆರಂಭಿಸಿದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿ ಒಂದೆಡೆ ಸಿಗಬೇಕೆಂಬುದು ಅದರ ಆಶಯ. ನನ್ನಂಥವನಿಗೆ ಅದು ಬೇಕು. ಮೇಷ್ಟ್ರ ಮನೆಯವರಿಗೆ ಬೇಕಾದದ್ದು ಕಾರ್ಡು.

ಮುದ್ರಣದ ಪಾಡು ಬೇರೆಯೇ. ನಾನು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಡಿಟಿಪಿ ಅಂಗಡಿಯ ಹುಡುಗ ಹಳೆಯ ನುಡಿ ಫಾಂಟಿಗೆ ಬದಲಾಯಿಸಿದ. ಒತ್ತಕ್ಷರಗಳು ಅಲ್ಲಲ್ಲಿ ಚದುರಿದವು. ಆ ಪಿಡಿಎಫ್‌ನಲ್ಲಿ "ಬ್ಯಾಟರಿ" ಎಂದು ಹುಡುಕಿದರೆ ಒಂದೂ ಸಿಗಲಿಲ್ಲ, ಏಕೆಂದರೆ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇದ್ದವು ಇಂಗ್ಲಿಷ್ ಅಕ್ಷರಗಳ ಸಂಕೇತ. ಈಗ ಯೂನಿಕೋಡ್ ಫಾಂಟಿನಲ್ಲೇ ಇಡಿಸುತ್ತೇನೆ, ಅಕ್ಷರ 18 ಪಾಯಿಂಟಿಗಿಂತ ಸಣ್ಣದಿರಬಾರದು. ಇಂಕ್‌ಜೆಟ್ ಬೇಡ, ನಮ್ಮ ಥಂಡಿಗೆ ಶಾಯಿ ಹಬ್ಬುತ್ತದೆ. ಲೇಸರ್ ಪ್ರಿಂಟೇ ಆಗಬೇಕು. ಲ್ಯಾಮಿನೇಷನ್ ಮಾಡಿಸುವಾಗ ಕಾಗದವನ್ನು ಮೊದಲು ಚೆನ್ನಾಗಿ ಒಣಗಿಸಿ, ನಾಲ್ಕೂ ಅಂಚಿಗೆ ಬೆರಳಗಲ ಪ್ಲಾಸ್ಟಿಕ್ ಬಿಡಿಸಬೇಕು, ಇಲ್ಲದಿದ್ದರೆ ಒಳಗೇ ಬೂಷ್ಟು ಬರುತ್ತದೆ. ಇನ್ವರ್ಟರಿಗೆ ಅಂಟಿಸುವುದಿಲ್ಲ, ಅದು ಬಿಸಿಯಾಗುತ್ತದೆ. ಪಕ್ಕದ ಮೊಳೆಗೆ ದಾರದಲ್ಲಿ ತೂಗುಹಾಕುತ್ತೇನೆ. ಹಿಂಬದಿಯಲ್ಲಿ ಮಾದರಿಯ ಸಂಖ್ಯೆ, ಕೊಂಡ ದಿನ, ಬ್ಯಾಟರಿ ನೀರು ಹಾಕಿದ ದಿನಾಂಕಗಳಿಗೆ ಖಾಲಿ ಜಾಗ. ಪೂರ್ತಿ ಕೈಪಿಡಿಯ ಪಿಡಿಎಫ್ಅನ್ನು ಆ ಮನೆಯ ಒಬ್ಬರಿಗಲ್ಲ, ಇಬ್ಬರ ಫೋನಿಗೆ ಕಳುಹಿಸುತ್ತೇನೆ. ಬೆಂಗಳೂರಿನಲ್ಲಿರುವ ಮಗಳ ಫೋನಿನಲ್ಲಿದ್ದರೆ, ಇಲ್ಲಿಯ ಫೋನು ನೀರಿಗೆ ಬಿದ್ದರೂ ಚಿಂತೆಯಿಲ್ಲ.

ಈ ವರ್ಷ ಹೊಸದೊಂದು ಕೆಲಸ ಬಂದಿದೆ. ಕೆಲವು ಮನೆಗಳಲ್ಲಿ ಹಳೆಯ ಬ್ಯಾಟರಿ ತೆಗೆದು ಲಿಥಿಯಂ ಬ್ಯಾಟರಿ ಹಾಕಿಸಿಕೊಂಡಿದ್ದಾರೆ. ಅದಕ್ಕೆ ನೀರು ಹಾಕುವ ಹಾಗೆಯೇ ಇಲ್ಲ. ಆದರೆ ಗೋಡೆಯ ಮೇಲೆ ತೂಗುತ್ತಿರುವುದು "ಮೂರು ತಿಂಗಳಿಗೊಮ್ಮೆ ಬ್ಯಾಟರಿ ನೀರು ನೋಡಿ, ಹಸಿರು ಗೆರೆಯವರೆಗೆ ತುಂಬಿ" ಎಂಬ ನನ್ನದೇ ಕಾರ್ಡು. ಫೋನಿನಲ್ಲಿರುವ ಪಿಡಿಎಫ್ ಬದಲಾಯಿಸುವುದು ಒಂದು ಕ್ಷಣದ ಕೆಲಸ. ಕಾಗದವನ್ನು ಬದಲಾಯಿಸಲು ಮಾತ್ರ ಮನೆಗೇ ಹೋಗಬೇಕು. ಅಂಥ ಮನೆಗಳ ಪಟ್ಟಿ ಮಾಡಿಕೊಂಡು, ಭಾನುವಾರಗಳಂದು ಒಂದೊಂದು ದಾರಿ ಹಿಡಿದು, ಹಳೆಯ ಕಾರ್ಡು ಇಳಿಸಿ ಹೊಸದನ್ನು ತೂಗುಹಾಕಿ ಬರುತ್ತಿದ್ದೇನೆ. ಬರುವ ಭಾನುವಾರ ತುಮರಿ ಕಡೆ.