ಬಡವರು, ಬಡವರ, ಬಡವರಿಗೆ: ಚುನಾವಣಾ ಭಾಷಣಗಳನ್ನು ನಾನು ಓದುವ ಬಗೆ

ಚುನಾವಣಾ ಭಾಷಣದಲ್ಲಿ ಬಡವರ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಪಕ್ಷದ ವೇದಿಕೆಯಲ್ಲೂ ಆ ಹೆಸರಿಗೆ ಬರವಿಲ್ಲ. ಯಾವ ವಿಭಕ್ತಿಯಲ್ಲಿ ಬಂತು ಎಂದು ನೋಡಿದರೆ ಮಾತ್ರ ಒಳಗಿನದು ಕಾಣುತ್ತದೆ. ಕನ್ನಡ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ಮಾಡುವವರು ಯಾರು, ಪಡೆಯುವವರು ಯಾರು ಎಂಬುದು ಇಲ್ಲಿ ಪದದ ಬಾಲದಲ್ಲೇ ಅಂಟಿಕೊಂಡಿರುತ್ತದೆ.

ಮೊದಲ ಕೆಲಸ ಭಾಷಣವನ್ನು ಬರೆದಿಳಿಸುವುದು. ಪತ್ರಿಕಾ ವರದಿ ಸಾಲದು. ವರದಿಗಾರರು ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದುವಾಗ ಪ್ರತ್ಯಯವೂ ಬದಲಾಗುತ್ತದೆ. ಪೂರ್ತಿ ವಿಡಿಯೊ ಬೇಕು. ನಲವತ್ತು ನಿಮಿಷದ ಭಾಷಣಕ್ಕೆ ನಾಲ್ಕು ಗಂಟೆ ಮೀಸಲಿಡಿ. ಕಂಪ್ಯೂಟರ್ ತಾನಾಗಿ ಕೊಡುವ ಪಠ್ಯವನ್ನು ಕರಡಾಗಿ ಇಟ್ಟುಕೊಳ್ಳಬಹುದು, ಆದರೆ ಅದು ಎಡವುವುದು ಪದದ ಕೊನೆಯಲ್ಲೇ, ನಮಗೆ ಬೇಕಾದದ್ದೂ ಅದೇ ಕೊನೆ. ‘ಬಡವ್ರಿಗೆ’, ‘ಬಡವರ್ನ’ ಎಂದು ಆಡಿದ್ದನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ.

ಹುಡುಕುವಾಗ ‘ಬಡ’ ಎಂದು ಹಾಕಿದರೆ ಬಡ್ಡಿ, ಬಡಾವಣೆ, ಬಡ್ತಿ, ಬಡಗಿ ಎಲ್ಲವೂ ಬರುತ್ತವೆ. ಸಾಲಮನ್ನಾ ಭಾಷಣದಲ್ಲಂತೂ ಬಡವರಿಗಿಂತ ಬಡ್ಡಿಯೇ ಹೆಚ್ಚು. ‘ಬಡವ’ ಎಂದರೆ ಕಡುಬಡವರೂ ಬಡವ್ರಿಗೆಯೂ ಸಿಗುತ್ತಾರೆ, ಆದರೆ ಬಡಜನ, ಬಡಕುಟುಂಬ, ಬಡಬಗ್ಗರು ತಪ್ಪಿಹೋಗುತ್ತಾರೆ. ಆದ್ದರಿಂದ ‘ಬಡ’ ಎಂದೇ ಹುಡುಕಿ, ಬೇಡವಾದದ್ದನ್ನು ಕೈಯಿಂದ ತೆಗೆಯುವುದು ಸರಿ. ದೀನದಲಿತರು, ಕೂಲಿಕಾರರು, ಶ್ರಮಿಕರು, ಫಲಾನುಭವಿಗಳು, ಬಿಪಿಎಲ್ ಕಾರ್ಡಿನವರು, ‘ಕಟ್ಟಕಡೆಯ ವ್ಯಕ್ತಿ’ ಇವನ್ನು ಬೇರೆಯಾಗಿ ಹುಡುಕಬೇಕು. ‘ಬಿಪಿಎಲ್‌ನವರು’ ಎಂಬಲ್ಲಿ ಲ್ ಮತ್ತು ನ ಒತ್ತಾಗಿ ಕೂಡದಿರಲಿ ಎಂದು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತಾರೆ. ಅದರಿಂದ ಪೂರ್ತಿ ಪದ ಕೊಟ್ಟರೂ ಹುಡುಕಾಟ ಕೈಕೊಡುತ್ತದೆ. ‘ಬಿಪಿಎಲ್’ ಎಂದಷ್ಟೇ ಹಾಕಿ.

ಇನ್ನು ವಿಭಕ್ತಿ. ಪ್ರತಿ ವಾಕ್ಯಕ್ಕೂ ಹಾಳೆಯಲ್ಲಿ ಒಂದು ಸಾಲು. ‘ಬಡವರನ್ನು ಮೇಲೆತ್ತಿದ್ದೇವೆ’ ದ್ವಿತೀಯಾ. ‘ಬಡವರಿಗೆ ಅಕ್ಕಿ ಕೊಟ್ಟಿದ್ದೇವೆ’ ಚತುರ್ಥೀ. ‘ಬಡವರ ಮಗ’, ‘ಬಡವರ ಬಂಧು’, ‘ಬಡವರ ಪರ ಸರ್ಕಾರ’ ಷಷ್ಠೀ; ಇಲ್ಲೆಲ್ಲ ಬಡವರು ಇನ್ನೊಬ್ಬರ ವಿಶೇಷಣ, ಅಷ್ಟೆ. ಬಡವರು ಕರ್ತೃವಾಗುವ ಪ್ರಥಮಾ ವಾಕ್ಯ ಸಿಕ್ಕರೂ ಮುಂದಿನ ಕ್ರಿಯಾಪದವನ್ನು ನೋಡಲೇಬೇಕು. ‘ಬಡವರು ಕಣ್ಣೀರಿಡುತ್ತಿದ್ದಾರೆ’, ‘ಬಡವರು ನಮ್ಮನ್ನು ಹರಸುತ್ತಾರೆ’ ಎಂಬುವು ಧಾರಾಳ. ‘ಬಡವರು ಕೇಳಿದರು’, ‘ಬಡವರು ಕಟ್ಟಿದರು’ ಎಂಬುವು ಅಪರೂಪ.

ಹೊಸಬರು ತಪ್ಪುವುದು ಚತುರ್ಥಿಯಲ್ಲಿ. ‘ಬಡವರಿಗೆ’ ಎಂದಿದ್ದದ್ದೆಲ್ಲ ಕೊಡುಗೆಯ ವಾಕ್ಯವಲ್ಲ. ‘ಬಡವರಿಗೆ ಹಸಿವಿನ ಬೆಲೆ ಗೊತ್ತು’, ‘ಬಡವರಿಗೆ ಆ ಭೂಮಿಯ ಮೇಲೆ ಹಕ್ಕಿದೆ’ ಎಂಬಲ್ಲಿ ರೂಪ ಚತುರ್ಥಿಯಾದರೂ ಅನುಭವ, ಅರಿವು, ಹಕ್ಕು ಬಡವರದ್ದೇ. ಇವನ್ನು ಎರಡು ಗುಂಪು ಮಾಡದಿದ್ದರೆ ಲೆಕ್ಕವೇ ತಲೆಕೆಳಗು. ಸುಲಭದ ಪರೀಕ್ಷೆ: ವಾಕ್ಯದಲ್ಲಿ ಕೊಡುವವನೊಬ್ಬ ಇದ್ದಾನೆಯೇ? ಇದ್ದರೆ ಕೊಡುಗೆ. ‘ಬಡವರಿಗೆ ಮನೆ ಸಿಕ್ಕಿದೆ’ ಎಂಬಂಥದ್ದು ನಡುವಿನದು. ಅದಕ್ಕೆ ಮುಂದಿನ ವಾಕ್ಯ ಓದಿ ತೀರ್ಮಾನಿಸಬೇಕು.

ಹಳೆಯ ಘೋಷಣೆಗಳನ್ನು ಇದೇ ಜರಡಿಗೆ ಹಾಕಿ ನೋಡಿ. 1971ರ ಇಂದಿರಾ ಗಾಂಧಿಯವರ ‘ಗರೀಬಿ ಹಟಾವೊ’ದಲ್ಲಿ ಬಡವರೇ ಇಲ್ಲ, ಬಡತನ ಇದೆ; ತೊಲಗಬೇಕಾದ ಒಂದು ಸ್ಥಿತಿ ಅದು. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯೊಂದಿಗೆ ಹಳ್ಳಿಹಳ್ಳಿಯಲ್ಲಿ ಕೇಳಿದ ಮಾತು ‘ಉಳುವವನೇ ಹೊಲದೊಡೆಯ’. ಶುದ್ಧ ಪ್ರಥಮಾ ವಿಭಕ್ತಿ. ಕೊಡುವವನು ವಾಕ್ಯದಲ್ಲೇ ಇಲ್ಲ, ಬಡವ ಎಂಬ ಪದವೂ ಇಲ್ಲ. ಗೇಣಿದಾರನನ್ನು ಅವನ ದುಡಿಮೆಯ ಹೆಸರಿನಿಂದ ಕರೆದು, ಅದಕ್ಕೊಂದು ‘ಏ’ ಸೇರಿಸಿದ್ದಾರೆ. ಆ ಒಂದು ‘ಏ’ಕಾರದಲ್ಲಿರುವ ಗೌರವವನ್ನು ಇಂದಿನ ಭಾಷಣಗಳಲ್ಲಿ ನಾನು ಹುಡುಕುತ್ತಲೇ ಇರುತ್ತೇನೆ. 2023ರ ವಿಧಾನಸಭಾ ಚುನಾವಣೆಗೆ ಬಂದರೆ ಗೃಹಲಕ್ಷ್ಮಿಯ ವಾಕ್ಯ ‘ಮನೆಯ ಯಜಮಾನಿಗೆ ತಿಂಗಳಿಗೆ 2,000’. ಚತುರ್ಥಿಯೇ, ಆದರೆ ಫಲಾನುಭವಿ ಎನ್ನದೆ ಯಜಮಾನಿ ಎಂದಿದ್ದಾರೆ. ಅದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.

ಹಾಳೆಯ ಮುಂದಿನ ಅಂಕಣ, ಇಲ್ಲಿ ಬಡವ ಯಾರು ಎಂಬುದು. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಶಕ್ತಿ ಯೋಜನೆಯ ಬಸ್ ಪ್ರಯಾಣಕ್ಕೆ ಅಂಥ ಮಿತಿಯೇ ಇಲ್ಲ, ರಾಜ್ಯದ ಎಲ್ಲ ಮಹಿಳೆಯರಿಗೂ ಅದು ಅನ್ವಯ. ಆದರೂ ಎರಡನ್ನೂ ವೇದಿಕೆಯಲ್ಲಿ ‘ಬಡವರಿಗೆ’ ಎಂದೇ ಹೇಳುತ್ತಾರೆ. ವಾಕ್ಯದ ಎದುರು ನಿಜವಾದ ಅರ್ಹತೆಯನ್ನು ಬರೆದಿಡಿ.

ಅಂಕಿಗಳ ಕಡೆಗೆ ಹೆಚ್ಚು ಎಚ್ಚರ ಬೇಕು. 2024ರ ಲೋಕಸಭಾ ಪ್ರಚಾರದಲ್ಲಿ ಒಂದು ಕಡೆಯವರು ‘25 ಕೋಟಿ ಜನ ಬಡತನದಿಂದ ಹೊರಬಂದರು’ ಎಂದರು. ಇನ್ನೊಂದು ಕಡೆಯವರು ‘ಹಾಗಾದರೆ 80 ಕೋಟಿ ಜನರಿಗೆ ಉಚಿತ ಪಡಿತರ ಏಕೆ’ ಎಂದು ಕೇಳಿದರು. ಎರಡೂ ಅಂಕಿ ಹುಟ್ಟಿದ ಜಾಗ ಬೇರೆ. ಮೊದಲನೆಯದು ನೀತಿ ಆಯೋಗದ 24.82 ಕೋಟಿ, ಬಹು ಆಯಾಮದ ಬಡತನದ ಲೆಕ್ಕ. ಪೌಷ್ಟಿಕತೆ, ಶಾಲೆ, ಶೌಚಾಲಯ, ಅಡುಗೆ ಇಂಧನ, ಬ್ಯಾಂಕ್ ಖಾತೆ ಸೇರಿ 12 ಸೂಚಕಗಳು. ಕೂಲಿಯಾಗಲಿ ಸಾಲವಾಗಲಿ ಅದರಲ್ಲಿಲ್ಲ. ಹೋಲಿಕೆಯ ಎರಡು ವರ್ಷಗಳಾದ 2013-14 ಮತ್ತು 2022-23ರಲ್ಲಿ ಸಮೀಕ್ಷೆ ನಡೆದಿರಲಿಲ್ಲ, ಬೇರೆ ವರ್ಷಗಳ ಕುಟುಂಬ ಆರೋಗ್ಯ ಸಮೀಕ್ಷೆಗಳಿಂದ ಅಂದಾಜು ಮಾಡಿದ್ದು. ಎರಡನೆಯದು ಬಡವರ ಎಣಿಕೆಯೇ ಅಲ್ಲ: 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನಸಂಖ್ಯೆಯ ಶೇ 75, ನಗರದ ಶೇ 50ರವರೆಗೆ ಪಡಿತರ ಕೊಡಬೇಕೆಂದಿದೆ, ಅದನ್ನು 2011ರ ಜನಗಣತಿಗೆ ಅನ್ವಯಿಸಿದಾಗ ಬಂದದ್ದು. ಒಂದರಿಂದ ಇನ್ನೊಂದನ್ನು ಸುಳ್ಳು ಮಾಡಲಾಗದು. ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಸಮಿತಿಯ ವಿಧಾನದ 2011-12ರ ಬಡತನ ರೇಖೆ ಬೇರೆಯೇ, ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ ಖರ್ಚು, ನಗರದಲ್ಲಿ 1,000. ಭಾಷಣದಲ್ಲಿ ಬಂದ ಅಂಕಿ ಯಾವ ಅಳತೆಗೋಲಿನದು ಎಂದು ಗೊತ್ತಾಗುವವರೆಗೆ ಆ ಸಾಲನ್ನು ಖಾಲಿ ಬಿಡಿ.

ಭರವಸೆಯ ಮೊತ್ತವನ್ನು ಗುಣಿಸಿ ನೋಡುವುದು ಎರಡು ನಿಮಿಷದ ಕೆಲಸ. 2019ರಲ್ಲಿ ಕಾಂಗ್ರೆಸ್ ಭರವಸೆ ಕೊಟ್ಟ ‘ನ್ಯಾಯ್’ ಯೋಜನೆ 5 ಕೋಟಿ ಕುಟುಂಬಕ್ಕೆ ವರ್ಷಕ್ಕೆ 72,000 ಎಂದಿತ್ತು, ಅಂದರೆ 3.6 ಲಕ್ಷ ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಚುನಾವಣಾ ಆಯೋಗ ಪ್ರಣಾಳಿಕೆಗೂ ಮಾರ್ಗಸೂಚಿ ಸೇರಿಸಿದೆ; ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಸೂಚಿಸಬೇಕು. ಸೂಚಿಸಿದ್ದಾರೆಯೇ ಎಂಬುದಕ್ಕೂ ಒಂದು ಅಂಕಣ ಇರಲಿ.

ಕೊನೆಯ ಅಂಕಣ, ಇದೇ ಕೊಡುಗೆಯನ್ನು ಎದುರಾಳಿ ಕೊಟ್ಟರೆ ಏನೆನ್ನುತ್ತಾರೆ ಎಂಬುದು. 2022ರ ಜುಲೈನಲ್ಲಿ ಪ್ರಧಾನಿ ಮೋದಿಯವರು ‘ರೇವ್ಡಿ ಸಂಸ್ಕೃತಿ’ (ಸಿಹಿ ಹಂಚಿದಂತೆ ಉಚಿತ ಕೊಡುಗೆ ಹಂಚುವುದು) ಎಂದ ಮೇಲೆ ‘ಬಿಟ್ಟಿ’ ಎಂಬ ಮಾತು ಕನ್ನಡ ವೇದಿಕೆಗಳಲ್ಲೂ ಬಲವಾಯಿತು. 2023ರ ಬಿಜೆಪಿ ಪ್ರಣಾಳಿಕೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಉಚಿತ ಎಂದಿತ್ತು. ತಮ್ಮದು ಪೋಷಣೆ, ಭಾಗ್ಯ, ಗ್ಯಾರಂಟಿ, ಸಬಲೀಕರಣ. ಎದುರಿನವರದು ಬಿಟ್ಟಿ, ಆಮಿಷ. ಇದು ಯಾವ ಒಂದು ಪಕ್ಷದ ಗುಣವೂ ಅಲ್ಲ. ಆದರೆ ‘ಬಿಟ್ಟಿ’ ಎಂದಾಗ ಏಟು ಬೀಳುವುದು ಎದುರಾಳಿಗಲ್ಲ, ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತವರಿಗೆ. ಅಂಥ ವಾಕ್ಯಗಳಿಗೆ ನಾನು ಕೆಂಪು ಗುರುತು ಹಾಕುತ್ತೇನೆ.

ರಾಷ್ಟ್ರೀಯ ನಾಯಕರ ಹಿಂದಿ ಭಾಷಣಕ್ಕೆ ಎರಡು ಸಾಲು ಬೇಕು, ಮೂಲಕ್ಕೊಂದು, ವೇದಿಕೆಯ ಅನುವಾದಕ್ಕೊಂದು. ‘ಗರೀಬ್’ ಎಂದದ್ದು ಅನುವಾದಕರ ಬಾಯಲ್ಲಿ ದೀನದಲಿತರು ಎಂದಾಗಿಬಿಡಬಹುದು. ಅದು ನಾಯಕರ ಖಾತೆಗೆ ಸೇರಬಾರದು. ಪ್ರತಿ ಸಾಲಿಗೂ ದಿನಾಂಕ, ಊರು, ಮುಂದೆ ಕೂತವರು ಯಾರು ಎಂಬುದನ್ನು ಬರೆಯಿರಿ. ಒಬ್ಬರೇ ನಾಯಕರು ಉದ್ಯಮಿಗಳ ಸಭೆಯಲ್ಲಿ ಆಡಿದ್ದನ್ನೂ ತಾಲ್ಲೂಕು ಮೈದಾನದಲ್ಲಿ ಆಡಿದ್ದನ್ನೂ ಪಕ್ಕಪಕ್ಕ ಇಟ್ಟು, ‘ಬಡವರಿಗೆ’ ಎಂಬ ಪದದ ಹಿಂದುಮುಂದಿನ ಐದೈದು ಪದಗಳನ್ನು ಮಾತ್ರ ಓದಿ ನೋಡಿ.