ಹತ್ತು ಸಲ ಹೊಸ ಜೆರ್ಸಿ ತೊಟ್ಟವನ ಲೆಕ್ಕ ಬರೆದದ್ದು

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಬೇಸ್‌ಬಾಲ್ ಕುರಿತು ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಬೇಬ್ ರೂತ್‌ನಂಥ ದೊಡ್ಡ ಹೆಸರು. ನಾನು ಆರಿಸಿಕೊಂಡದ್ದು ರಾಜೇ ಡೇವಿಸ್‌ನನ್ನು. 2006ರಿಂದ 2019ರವರೆಗೆ ಹದಿನಾಲ್ಕು ಸೀಸನ್‌ಗಳಲ್ಲಿ ಎಂಟು ತಂಡಗಳಿಗೆ ಆಡಿದ, ಅವುಗಳಲ್ಲಿ ಎರಡಕ್ಕೆ ಎರಡೆರಡು ಸಲ ಸೇರಿದ ಔಟ್‌ಫೀಲ್ಡರ್ ಈತ. ಅವನ ಹೆಸರನ್ನು ಮೊದಲ ಸಲ ಇಂಗ್ಲಿಷ್ ಅಕ್ಷರಗಳಲ್ಲಿ ಕಂಡಾಗ ‘ರಜಾಯಿ’ ಎಂದು ಓದಿಕೊಂಡು, ಯಾರೋ ನಮ್ಮ ಕಡೆಯವನಿರಬೇಕೆಂದು ಭಾವಿಸಿದ್ದೆ. ಕನೆಕ್ಟಿಕಟ್ ರಾಜ್ಯದವನೆಂದು ತಿಳಿಯುವ ಹೊತ್ತಿಗೆ ಅವನ ಆಟದ ಗೀಳು ಹತ್ತಿಯಾಗಿತ್ತು.

ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಕ್ರಿಕೆಟ್ ಪಂದ್ಯಗಳ ಸ್ಕೋರ್ ಬರೆಯುತ್ತಿದ್ದವನು ನಾನು. ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಬೇಸ್‌ಬಾಲಿನ ಸ್ಕೋರ್ ಪುಸ್ತಕ ತುಂಬುವುದನ್ನೂ ಕಲಿತೆ. ಆದರೆ ಒಂದು ಪಂದ್ಯದ ಲೆಕ್ಕ ಬರೆಯುವುದೇ ಬೇರೆ, ಒಬ್ಬನ ಇಡೀ ವೃತ್ತಿಜೀವನದ ಲೆಕ್ಕ ಬರೆಯುವುದೇ ಬೇರೆ. ಎರಡು ಪುಟಗಳ ಲೇಖನಕ್ಕಾಗಿ ಕೂತವನಿಗೆ ಇದು ನಾಲ್ಕು ತಿಂಗಳ ಕೆಲಸವಾಯಿತು.

ಮೊದಲ ತೊಡಕು ಪದದ್ದು. ಹೀಗೆ ತಂಡದಿಂದ ತಂಡಕ್ಕೆ ಹೋಗುವ ಆಟಗಾರರನ್ನು ಅಮೆರಿಕದಲ್ಲಿ ಜರ್ನಿಮನ್ ಎನ್ನುತ್ತಾರೆ. ಅದರಲ್ಲಿ ಪಯಣವಿದೆಯೆಂದು ತೋರುವುದರಿಂದ ‘ಅಲೆಮಾರಿ ಆಟಗಾರ’ ಎಂದೇ ಕರಡಿನಲ್ಲಿ ಬರೆದಿದ್ದೆ. ಆಮೇಲೆ ನಿಘಂಟು ತೆರೆದು ನೋಡಿದರೆ, ಅದರ ಮೂಲ ದಿನ ಎಂಬರ್ಥದ ಫ್ರೆಂಚ್ ಪದ. ಕಸುಬು ಕಲಿತು ಮುಗಿಸಿ, ಸ್ವಂತ ಅಂಗಡಿ ಇಲ್ಲದೆ ದಿನಗೂಲಿಗೆ ದುಡಿಯುವ ಕುಶಲಕರ್ಮಿ ಎಂಬುದು ಹಳೆಯ ಅರ್ಥ. ಅಲೆಮಾರಿ ಎಂದರೆ ತನ್ನಿಷ್ಟದಂತೆ ತಿರುಗುವವನು ಎಂಬ ಭಾವ ಬರುತ್ತದೆ, ಡೇವಿಸ್ ಮಾತ್ರ ಹಲವು ಸಲ ಬೇರೆಯವರ ಇಷ್ಟದಂತೆ ಊರು ಬದಲಿಸಿದವನು. ಕೊನೆಗೆ ಜರ್ನಿಮನ್ ಎಂದೇ ಉಳಿಸಿಕೊಂಡೆ.

ಎರಡನೆಯದು ನನ್ನದೇ ತಪ್ಪು. ಅವನ ದೊಡ್ಡ ಬಲ ಓಟವಾದ್ದರಿಂದ, ಕದ್ದ ಬೇಸ್‌ಗಳ (ಹೊಡೆತಕ್ಕೆ ಕಾಯದೆ ಓಡಿ ಸೇರಿದ ಮುಂದಿನ ಬೇಸ್‌ಗಳ) ಲೆಕ್ಕವನ್ನೇ ಲೇಖನದ ಬೆನ್ನೆಲುಬು ಮಾಡಿಕೊಳ್ಳೋಣವೆಂದು ವರ್ಷವಾರು ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿ ಕೂಡಿಸಿದೆ. 495 ಬಂತು. ಎಲ್ಲ ಕಡೆ ಅಚ್ಚಾಗಿದ್ದುದು 415. ಎಂಬತ್ತು ಎಲ್ಲಿಂದ ಹೆಚ್ಚಾಯಿತೆಂದು ಒಂದು ಭಾನುವಾರವಿಡೀ ತಲೆಕೆರೆದುಕೊಂಡ ಮೇಲೆ ಗೊತ್ತಾದದ್ದಿಷ್ಟು: ಸೀಸನ್ ನಡುವೆ ತಂಡ ಬದಲಾದ ವರ್ಷಗಳಿಗೆ ಪಟ್ಟಿಯಲ್ಲಿ ಪ್ರತಿ ತಂಡಕ್ಕೆ ಒಂದು ಸಾಲು, ಅದರ ಮೇಲೆ ಮೊತ್ತದ ಸಾಲು ಇನ್ನೊಂದು ಇರುತ್ತದೆ. 2007ರ 22, 2008ರ 29, 2017ರ 29, ಈ ಮೂರನ್ನೂ ನಾನು ಎರಡೆರಡು ಸಲ ಎಣಿಸಿದ್ದೆ. ಒಂದೇ ಊರಿನಲ್ಲಿ ಬಾಳಿದ ಆಟಗಾರನ ಪಟ್ಟಿಯಲ್ಲಿ ಇಂಥ ಎಡವಟ್ಟು ಆಗುವುದೇ ಇಲ್ಲ.

ಆ ತಪ್ಪೇ ದಾರಿಯನ್ನೂ ತೋರಿಸಿತು. ಅಂಕಿಸಂಖ್ಯೆಗಳಲ್ಲಿ ಸಿಗುವುದು ಅವನು ಆಡಿದ ದಿನಗಳು ಮಾತ್ರ. ಆಡುವ ಜಾಗ ಸಿಕ್ಕಿದ್ದು ಹೇಗೆ, ಹೋದದ್ದು ಹೇಗೆ ಎಂಬುದೆಲ್ಲ ಪತ್ರಿಕೆಗಳ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುವ ಟ್ರಾನ್ಸಾಕ್ಷನ್ ಪಟ್ಟಿಯಲ್ಲಿರುತ್ತದೆ. ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ಎಡಪುಟಕ್ಕೆ ಸೇರ್ಪಡೆ, ಬಿಡುಗಡೆ, ವಿನಿಮಯಗಳನ್ನೂ ಬಲಪುಟಕ್ಕೆ ಆಟವನ್ನೂ ಬರೆಯತೊಡಗಿದೆ. ಪಂದ್ಯದ ಒಂದೊಂದು ಘಟನೆಯನ್ನೂ ಉಚಿತವಾಗಿ ಒದಗಿಸುವ ರೆಟ್ರೋಶೀಟ್ ಜಾಲತಾಣ ಇಲ್ಲದಿದ್ದರೆ ಬಲಪುಟ ತುಂಬುತ್ತಲೇ ಇರಲಿಲ್ಲ.

ಎಡಪುಟದ ಮೊದಲ ಸಾಲು 2001ರದು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಏವರಿ ಪಾಯಿಂಟ್ ಎಂಬ ಸಣ್ಣ ಕ್ಯಾಂಪಸ್ಸಿನಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಆರಿಸಿಕೊಂಡದ್ದು, ತಂಡಗಳು ಸರದಿಯಂತೆ ಹೊಸಬರನ್ನು ಹೆಕ್ಕುವ ಡ್ರಾಫ್ಟಿನ 38ನೆಯ ಸುತ್ತಿನಲ್ಲಿ. ಅಷ್ಟು ಕೆಳಗಿನ ಸುತ್ತಿನಲ್ಲಿ ಆಯ್ಕೆಯಾದವರಲ್ಲಿ ಹೆಚ್ಚಿನವರು ಮೇಜರ್ ಲೀಗಿನ ಮುಖವನ್ನೇ ಕಾಣುತ್ತಿರಲಿಲ್ಲ. ಹಿಕರಿ, ಲಿಂಚ್‌ಬರ್ಗ್, ಅಲ್ಟೂನ, ಇಂಡಿಯಾನಾಪೊಲಿಸ್ ಎಂದು ಮೈನರ್ ಲೀಗಿನ ಮೆಟ್ಟಿಲುಗಳನ್ನೇರಿ ಇವನು ಅಲ್ಲಿಗೆ ತಲುಪಿದ್ದು 2006ರ ಆಗಸ್ಟಿನಲ್ಲಿ. ಮರುವರ್ಷ ಜುಲೈ 31ರಂದು, ವಿನಿಮಯದ ಗಡುವಿನ ದಿನವೇ, ಚೆಂಡೆಸೆಯುವ ಪಿಚರ್ ಮ್ಯಾಟ್ ಮಾರಿಸ್‌ಗೆ ಪ್ರತಿಯಾಗಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ಗೆ ಕೊಟ್ಟರು. 2008ರ ಏಪ್ರಿಲ್‌ನಲ್ಲಿ ಜೈಂಟ್ಸ್ ಕೈಬಿಟ್ಟಿತು. ಹೀಗೆ ಕೈಬಿಟ್ಟವರ ಹೆಸರು ವೇವರ್ಸ್ ಎಂಬ ಪಟ್ಟಿಗೆ ಹೋಗುತ್ತದೆ, ಬೇಕಾದ ತಂಡ ಅಲ್ಲಿಂದ ಎತ್ತಿಕೊಳ್ಳಬಹುದು. ಎತ್ತಿಕೊಂಡದ್ದು ಕೊಲ್ಲಿಯ ಆಚೆ ದಡದ ಓಕ್ಲೆಂಡ್. ಸೇತುವೆ ದಾಟಿದರೆ ಹೊಸ ಕೆಲಸ.

ಅಲ್ಲಿ ಅವನು ಅರಳಿದ. 2009ರಲ್ಲಿ ಬ್ಯಾಟಿಂಗ್ ಸರಾಸರಿ .305 (ಹತ್ತರಲ್ಲಿ ಸುಮಾರು ಮೂರು ಸಲ ಯಶಸ್ವಿ ಹೊಡೆತ), ಕದ್ದ ಬೇಸ್ 41. ಮರುವರ್ಷ ಕದ್ದದ್ದು 50. ಬಲಪುಟದಲ್ಲಿ ಇದನ್ನು ಬರೆದು ಎಡಪುಟಕ್ಕೆ ಕಣ್ಣು ಹಾಯಿಸಿದರೆ 2010ರ ನವೆಂಬರಿನಲ್ಲೇ ಇಬ್ಬರು ಪಿಚರ್‌ಗಳಿಗೆ ಬದಲಾಗಿ ಟೊರೊಂಟೊಗೆ ರವಾನೆ. ಚೆನ್ನಾಗಿ ಆಡಿದರೆ ಜಾಗ ಗಟ್ಟಿಯಾಗುತ್ತದೆಂಬ ನನ್ನ ಎಣಿಕೆ ಆ ಪುಟದಲ್ಲಿ ಕುಸಿಯಿತು; ಚೆನ್ನಾಗಿ ಆಡಿದರೆ ಮಾರಲು ಯೋಗ್ಯನಾಗುತ್ತಾನೆ, ಅಷ್ಟೆ. ಆಮೇಲೆ ಎರಡು ವರ್ಷಕ್ಕೆ ಒಂದು ಕೋಟಿ ಡಾಲರ್‌ಗೆ ಡೆಟ್ರಾಯಿಟ್, 2016ಕ್ಕೆ ಕ್ಲೀವ್‌ಲ್ಯಾಂಡ್, ಮತ್ತೆ ಓಕ್ಲೆಂಡ್, 2017ರ ಆಗಸ್ಟಿನಲ್ಲಿ ಬಾಸ್ಟನ್, ಮತ್ತೆ ಕ್ಲೀವ್‌ಲ್ಯಾಂಡ್, ಕೊನೆಗೆ ನ್ಯೂಯಾರ್ಕ್ ಮೆಟ್ಸ್. ಹಣದ ದೃಷ್ಟಿಯಿಂದ ಇವನನ್ನು ದಿನಗೂಲಿಯವನೆನ್ನುವುದು ತಮಾಷೆಯೇ ಸರಿ, ಆದರೆ ಮುಂದಿನ ವರ್ಷ ಯಾವ ಊರಿನಲ್ಲಿ ಮನೆ ಎಂಬುದು ಅವನಿಗೆ ಹೆಚ್ಚಿನ ವರ್ಷಗಳಲ್ಲಿ ಗೊತ್ತಿರಲಿಲ್ಲ.

ಇವನನ್ನು ಬಲ್ಲವರಿಗೆಲ್ಲ ನೆನಪಿರುವುದು 2016ರ ನವೆಂಬರ್ 2ರ ರಾತ್ರಿ. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸಿರೀಸ್‌ನ ಏಳನೆಯ, ಕೊನೆಯ ಪಂದ್ಯ, ಕ್ಲೀವ್‌ಲ್ಯಾಂಡಿನ ಅಂಗಳ, ಎಂಟನೆಯ ಇನ್ನಿಂಗ್, ಎರಡು ಔಟ್, ಷಿಕಾಗೋ ಕಬ್ಸ್ 6–4ರಿಂದ ಮುಂದೆ. ಎದುರಿಗೆ ಆ ಕಾಲದ ಅತ್ಯಂತ ವೇಗದ ಎಡಗೈ ಪಿಚರ್ ಅರೋಲ್ಡಿಸ್ ಚಾಪ್ಮನ್. ಡೇವಿಸ್ ಬ್ಯಾಟಿನ ಹಿಡಿಯ ತುದಿಯನ್ನು ಬಿಟ್ಟು ಸಾಕಷ್ಟು ಮೇಲಕ್ಕೆ ಹಿಡಿದಿದ್ದ, ಚೆಂಡನ್ನು ಗೋಡೆಯಾಚೆ ಕಳಿಸಿ ಹೋಮ್ ರನ್ ಹೊಡೆಯಬೇಕೆಂದಿರುವವನು ಹಾಗೆ ಹಿಡಿಯುವುದಿಲ್ಲ. ಚೆಂಡು ಎಡಗಡೆಯ ಎತ್ತರದ ಗೋಡೆಯನ್ನು ದಾಟಿತು, ಎರಡು ರನ್ ಬಂದು 6–6. ಲೇಖನವನ್ನು ಇಲ್ಲಿಂದಲೇ ಶುರುಮಾಡಿ ಎಂದು ಸಂಪಾದಕರು ಹೇಳಿದ್ದರು.

ನಾನು ಒಪ್ಪಲಿಲ್ಲ. ಆ ಪಂದ್ಯವನ್ನು ವಿಡಿಯೋ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ, ಪೆನ್ಸಿಲ್ ಹಿಡಿದು ಮೊದಲಿನಿಂದ ಸ್ಕೋರ್ ಮಾಡಿದೆ. ಸ್ಕೋರ್ ಪುಸ್ತಕದಲ್ಲಿ ಎಡ, ನಡು, ಬಲದ ಔಟ್‌ಫೀಲ್ಡರ್‌ಗಳಿಗೆ 7, 8, 9 ಎಂಬ ಸಂಖ್ಯೆಗಳು. ಅಂದು ಡೇವಿಸ್ 8. ನಾಲ್ಕನೆಯ ಇನ್ನಿಂಗಿನಲ್ಲಿ ಅಡಿಸನ್ ರಸಲ್ ಎತ್ತಿದ ಚೆಂಡು ಅಷ್ಟೇನೂ ದೂರ ಹೋಗಲಿಲ್ಲ. ಡೇವಿಸ್ ಅದನ್ನು ಹಿಡಿದ, ಆದರೆ ಮೈಯ ಹದ ತಪ್ಪಿತ್ತು. ಹಿಡಿದ ಕ್ಷಣವೇ ಮೂರನೆಯ ಬೇಸಿನಿಂದ ಓಡಿದ ಕ್ರಿಸ್ ಬ್ರಯಾಂಟ್ ಎಸೆತ ಮುಟ್ಟುವಷ್ಟರಲ್ಲಿ ಜಾರಿ ಹೋಮ್ ಪ್ಲೇಟ್ ಸೇರಿ ರನ್ ಗಳಿಸಿದ್ದ. ನನ್ನ ಪುಸ್ತಕದಲ್ಲಿ ಅದು ಚೌಕದೊಳಗೊಂದು 8, ಪಕ್ಕದಲ್ಲಿ ಬ್ಯಾಟುಗಾರ ಔಟಾದರೂ ರನ್ ಬಂತೆನ್ನುವ ಸ್ಯಾಕ್ರಿಫೈಸ್ ಎಂಬ ಗುರುತು, ಅಷ್ಟೆ. ಓಡಿ ತಲುಪುವ ಕಾಲು ಅವನಿಗಿತ್ತು, ಚೆಂಡು ಬ್ಯಾಟನ್ನು ಬಿಟ್ಟ ಗಳಿಗೆಯಲ್ಲಿ ಹೆಜ್ಜೆ ಯಾವ ಕಡೆಗೆ ಎಂದು ತಿಳಿಯುವ ಸಹಜ ಕಣ್ಣು ದೊಡ್ಡ ಸೆಂಟರ್ ಫೀಲ್ಡರ್‌ಗಳಿಗಿರುವಷ್ಟು ಇರಲಿಲ್ಲವೆಂಬುದು ನನ್ನ ತೀರ್ಮಾನ. ಎಂಟು ತಂಡಗಳು ಅವನನ್ನು ಬಯಸಿದ್ದಕ್ಕೂ, ಯಾವುದೂ ಖಾಯಂ ಮಾಡಿಕೊಳ್ಳದಿದ್ದುದಕ್ಕೂ ಕಾರಣ ಒಂದೇ ಪಂದ್ಯದ ಎರಡು ಚೌಕಗಳಲ್ಲಿತ್ತು. ಹತ್ತನೆಯ ಇನ್ನಿಂಗಿನಲ್ಲಿ ಇನ್ನೊಂದು ರನ್ ತಂದ ಹೊಡೆತವೂ ಅವನದೇ, ಅದನ್ನು ಯಾರೂ ಹೇಳುವುದಿಲ್ಲ. ಕ್ಲೀವ್‌ಲ್ಯಾಂಡ್ 8–7ರಲ್ಲಿ ಸೋತಿತ್ತು.

ಡೇವಿಸ್‌ನಂಥ ಬಲಗೈ ಬ್ಯಾಟುಗಾರನಿಗೆ ಎಡಗೈ ಪಿಚರ್‌ನ ಚೆಂಡು ಸುಲಭವಾಗಿ ಕಾಣುತ್ತದೆ. ಹಾಗಾಗಿ ಎಡಗೈಯವನು ಬಂದಾಗ ಆಡಿಸಲೆಂದೇ ತಂಡಗಳು ಇಂಥ ಆಟಗಾರರನ್ನು ಇಟ್ಟುಕೊಳ್ಳುತ್ತವೆ. ಅದಕ್ಕೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವನ ಹೋಮ್ ರನ್‌ಗಳಿಗೆ ಬಲಿಯಾದ ಪಿಚರ್‌ಗಳ ಹೆಸರನ್ನೂ ಬರೆಯುತ್ತ ಹೋದೆ. 2014ರ ಜೂನ್ 30ರಂದು ಡೆಟ್ರಾಯಿಟ್ ಪರವಾಗಿ, ಬೇಸ್‌ಗಳೆಲ್ಲ ತುಂಬಿದ್ದಾಗ, ತನ್ನ ಹಳೆಯ ತಂಡ ಓಕ್ಲೆಂಡಿನ ಮೇಲೆ ಪಂದ್ಯ ಮುಗಿಸಿದ ಹೊಡೆತವೊಂದಿದೆ, 5–4. 2019ರ ಮೇ 22ರದು ಇನ್ನೊಂದು. ಆಗ ಅವನಿಗೆ ಮೂವತ್ತೆಂಟು, ಮೆಟ್ಸ್‌ನ ಮೈನರ್ ಲೀಗ್ ತಂಡದೊಂದಿಗೆ ಇಲ್ಲಿಯೇ, ನಮ್ಮ ಅಲೆನ್‌ಟೌನಿಗೆ ಬಂದಿದ್ದ. ಕರೆ ಬಂದದ್ದೇ ಊಬರ್ ಹತ್ತಿ, 243 ಡಾಲರ್ ತೆತ್ತು, ಎರಡು ತಾಸು ದಾರಿ ಸವೆಸಿ ನ್ಯೂಯಾರ್ಕಿನ ಕ್ವೀನ್ಸ್ ತಲುಪಿದ. ಅಂದೇ ಎಂಟನೆಯ ಇನ್ನಿಂಗಿನಲ್ಲಿ ಬದಲಿ ಬ್ಯಾಟುಗಾರನಾಗಿ ಇಳಿದು ಮೂರು ರನ್‌ಗಳ ಹೋಮ್ ರನ್ ಹೊಡೆದ. ಆ ರಸ್ತೆಯಲ್ಲಿ ನಾನೂ ಎಷ್ಟೋ ಸಲ ಓಡಾಡಿದ್ದೇನೆ. ಎರಡು ತಾಸು ಹಿಂಬದಿಯ ಸೀಟಿನಲ್ಲಿ ಮುದುಡಿ ಕುಳಿತವನಿಗೆ ಸೊಂಟ ನೆಟ್ಟಗಾಗಲು ಅರ್ಧ ದಿನ ಬೇಕು.

ಈ ಎರಡು ಸಾಲುಗಳಿಗೆ ನಂಟಿದೆಯೆಂದು ಮೂರನೆಯ ಸಲ ಕರಡು ತಿದ್ದುವವರೆಗೂ ನನಗೆ ಹೊಳೆದಿರಲಿಲ್ಲ. ಎರಡು ಕಡೆಯೂ ಎದುರಿಗಿದ್ದ ಎಡಗೈ ಪಿಚರ್ ಒಬ್ಬನೇ, ಷಾನ್ ಡೂಲಿಟಲ್. ಮೊದಲ ಸಲ ಓಕ್ಲೆಂಡಿನಲ್ಲಿದ್ದ, ಎರಡನೆಯ ಸಲ ವಾಷಿಂಗ್ಟನ್ನಿನಲ್ಲಿ. ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಒಂದು ಪುಟದಲ್ಲಿ ‘ಡೂಲಿಟಲ್’ ಎಂದೂ ಇನ್ನೊಂದರಲ್ಲಿ ‘ಡೂಲಿಟ್ಲ್’ ಎಂದೂ ಬರೆದು, ಇಬ್ಬರೆಂದೇ ಎಣಿಸಿಕೊಂಡಿದ್ದೆ.